ಇಲಿಯ ಕಾರ್ಟೆಕ್ಸ್‌ನಲ್ಲಿ ತಡೆಯುವ ನರಕೋಶದ ಕೆಲಸ ಕಂಡುಹಿಡಿಯುವುದು ಹೇಗೆ? ಪ್ರಯೋಗ ಕಟ್ಟುವವರಿಗೆ ಹಂತ ಹಂತದ ಮಾರ್ಗದರ್ಶಿ

2012ರಲ್ಲಿ ಮೂರು ಒಳ್ಳೆಯ ತಂಡಗಳು ಹೆಚ್ಚುಕಡಿಮೆ ಒಂದೇ ಪ್ರಯೋಗದ ಫಲಿತಾಂಶ ಪ್ರಕಟಿಸಿದವು. ಜಾಗ ಇಲಿಯ ಪ್ರಾಥಮಿಕ ದೃಷ್ಟಿ ಕಾರ್ಟೆಕ್ಸ್, ಅಂದರೆ ಮೆದುಳಿನ ಹೊರಪದರದಲ್ಲಿ ಕಣ್ಣಿನ ಸುದ್ದಿ ಮೊದಲು ತಲುಪುವ ಭಾಗ. ಕೋಶ ಪಾರ್ವಾಲ್ಬ್ಯುಮಿನ್ ಎಂಬ ಪ್ರೋಟೀನ್ ಇರುವ ತಡೆಯುವ ನರಕೋಶ. ಸಾಧನ ಬೆಳಕು: ಬೆಳಕಿಗೆ ಸ್ಪಂದಿಸುವ ಪ್ರೋಟೀನನ್ನು ಕೋಶಕ್ಕೆ ಸೇರಿಸಿ, ಬೆಳಕಿನಿಂದಲೇ ಅದನ್ನು ಆನ್ ಅಥವಾ ಆಫ್ ಮಾಡುವುದು. ಯಾಂಗ್ ಡಾನ್ ಅವರ ತಂಡ ಹೇಳಿತು: ಈ ಕೋಶ ಚುರುಕಾದರೆ ಪಕ್ಕದ ಕೋಶಗಳ ಆಯ್ಕೆ ಹರಿತವಾಗುತ್ತದೆ, ಅಂದರೆ ಅವು ತಮಗಿಷ್ಟವಾದ ಓರೆಯ ಗೆರೆಗಷ್ಟೇ ಹೆಚ್ಚಾಗಿ ಸ್ಪಂದಿಸುತ್ತವೆ. ಮೃಗಾಂಕ ಸುರ್ ಅವರ ತಂಡ ಹೇಳಿತು: ಇಲ್ಲ, ಇದು ಪ್ರತಿಕ್ರಿಯೆಯನ್ನು ಭಾಗಿಸುತ್ತದೆ (ಎಲ್ಲವನ್ನೂ ಒಂದೇ ಅನುಪಾತದಲ್ಲಿ ಕುಗ್ಗಿಸುತ್ತದೆ) ಅಷ್ಟೇ, ಹರಿತ ಮಾಡುವುದು ಬೇರೆ ಬಗೆಯ ಕೋಶ. ಮಾಸ್ಸಿಮೊ ಸ್ಕಾಂಜಿಯಾನಿ ಅವರ ತಂಡಕ್ಕೆ ಕಂಡದ್ದು ಸರಳವಾದ ಏರಿಳಿತ, ಆಯ್ಕೆಯ ಮೇಲೆ ತುಂಬಾ ಸಣ್ಣ ಪರಿಣಾಮ.

ಯಾರೂ ತಪ್ಪು ಅಳತೆ ಮಾಡಿರಲಿಲ್ಲ. ಮುಂದಿನ ಎರಡು ವರ್ಷಗಳ ಚರ್ಚೆಯಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಬೆಳಕು ಎಷ್ಟು ಜೋರು, ಎಷ್ಟು ಹೊತ್ತು, ಪಕ್ಕದ ಕೋಶ ಸ್ಪೈಕ್ (ನರಕೋಶ ಸುದ್ದಿ ಕಳಿಸುವ ವಿದ್ಯುತ್ ಮಿಡಿತ) ಮಾಡುವ ಹೊತ್ತಿಗೆ ಅದು ಎಷ್ಟು ಕೂಡಿಬರುತ್ತದೆ ಎನ್ನುವುದರ ಮೇಲೆ ಉತ್ತರವೇ ಬದಲಾಗುತ್ತದೆ.

ನನಗೆ ಈ ಘಟನೆಯಿಂದ ಸಿಕ್ಕ ಪಾಠದ ಮೇಲೆಯೇ ಈ ಮಾರ್ಗದರ್ಶಿ ನಿಂತಿದೆ. ಒಂದು ಕೋಶವನ್ನು ಆನ್ ಅಥವಾ ಆಫ್ ಮಾಡಿದಾಗ ನಮಗೆ ಕಾಣುವುದು ಆ ಕೋಶದ ಕೆಲಸವಲ್ಲ. ಅದು ಸೇರಿದ ಇಡೀ ಜಾಲದ ಪ್ರತಿಕ್ರಿಯೆ. ಹಾಗಾಗಿ ಆ ಕೋಶವನ್ನೂ ಅಳೆಯಬೇಕು, ನೆರೆಯವರನ್ನೂ ಅಳೆಯಬೇಕು, ಅದೂ ಒಂದಲ್ಲ, ಹಲವು ಪ್ರಮಾಣದ ಬೆಳಕಿನಲ್ಲಿ. ಈ ಕ್ಷೇತ್ರಕ್ಕೆ ಈಗಷ್ಟೇ ಬಂದ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಪ್ರಯೋಗ ಮಾಡದೆ ಬರೀ ಪ್ರಬಂಧ ಓದುವವರಿಗೂ ಇದೇ ಹಂತಗಳು ಉಪಯೋಗಕ್ಕೆ ಬರುತ್ತವೆ. ಇಲ್ಲಿ ಇಲಿ ಅಂದರೆ ಮೌಸ್. ರ‍್ಯಾಟ್ ಬಂದಾಗ ಹಾಗೆಯೇ ಹೇಳುತ್ತೇನೆ.

ಹಂತ 1: ಯಾರು ಯಾರನ್ನು ತಡೆಯುತ್ತಾರೆ ಎಂಬ ನಕ್ಷೆ ಬರೆಯಿರಿ

ಇಲಿಯ ಕಾರ್ಟೆಕ್ಸ್‌ನಲ್ಲಿ ಸುಮಾರು 80 ಶೇಕಡಾ ನರಕೋಶಗಳು ಕೆರಳಿಸುವಂಥವು. ಉಳಿದ ಐದನೇ ಒಂದು ಭಾಗದಷ್ಟು ತಡೆಯುವಂಥವು. ಇವು ಗಾಬಾ ಎಂಬ ರಾಸಾಯನಿಕ ಬಿಡುತ್ತವೆ. ಈ ಸಣ್ಣ ಗುಂಪಿನ ಒಳಗೆ ವೈವಿಧ್ಯ ಮಾತ್ರ ಬಹಳ. ಅಲೆನ್ ಸಂಸ್ಥೆ 2018ರಲ್ಲಿ ಇಲಿಯ ಕಾರ್ಟೆಕ್ಸ್‌ನ ಎರಡು ಭಾಗಗಳ ಕೋಶಗಳನ್ನು ಜೀನ್ ಚಟುವಟಿಕೆಯ ಆಧಾರದಲ್ಲಿ ವಿಂಗಡಿಸಿದಾಗ 133 ಬಗೆ ಸಿಕ್ಕವು. ಅದರಲ್ಲಿ 61 ಗಾಬಾ ಕೋಶಗಳದ್ದೇ.

ಪ್ರಯೋಗಕ್ಕೆ 61 ಹೆಸರು ಬೇಡ, ಮೂರು ಸಾಕು.

ಪಾರ್ವಾಲ್ಬ್ಯುಮಿನ್ ಇರುವ ಪಿವಿ ಕೋಶಗಳು ತಡೆಯುವ ಗುಂಪಿನಲ್ಲಿ ಸುಮಾರು 40 ಶೇಕಡಾ. ಬಹಳ ವೇಗವಾಗಿ ಸ್ಪೈಕ್ ಮಾಡುತ್ತವೆ. ನೆರೆಯ ಕೋಶದ ಒಡಲಿನ ಸುತ್ತ, ಆಕ್ಸಾನ್ (ಸುದ್ದಿಯನ್ನು ಹೊರಗೆ ಒಯ್ಯುವ ತಂತು) ಶುರುವಾಗುವ ಕಡೆ ಕೂರುತ್ತವೆ. ಅಂದರೆ ಸ್ಪೈಕ್ ಹೊರಡುವ ಬಾಗಿಲಲ್ಲೇ ಕಾವಲು. ಸೊಮ್ಯಾಟೊಸ್ಟ್ಯಾಟಿನ್ ಇರುವ ಎಸ್‌ಎಸ್‌ಟಿ ಕೋಶಗಳು ಸುಮಾರು 30 ಶೇಕಡಾ. ಇವುಗಳಲ್ಲಿ ಮಾರ್ಟಿನೋಟಿ ಕೋಶಗಳು ಪ್ರಸಿದ್ಧ. ಇವುಗಳ ಆಕ್ಸಾನ್ ಮೇಲೇರಿ ಕಾರ್ಟೆಕ್ಸ್‌ನ ಎಲ್ಲಕ್ಕಿಂತ ಮೇಲಿನ 1ನೇ ಪದರ ತಲುಪಿ, ಅಲ್ಲಿ ಸುದ್ದಿ ಪಡೆಯುವ ಡೆಂಡ್ರೈಟ್‌ಗಳ ಕೊಂಬೆಗಳನ್ನು ಹಿಡಿಯುತ್ತದೆ. ಹೊರಗಿನಿಂದ ಬಂದ ಸುದ್ದಿ ಒಡಲಿಗೆ ಇಳಿಯುವ ಮೊದಲೇ ಕೊಂಬೆಯಲ್ಲಿ ತಡೆ. ಮಿಕ್ಕ ಗುಂಪಿನಲ್ಲಿ ವಿಐಪಿ ಎಂಬ ಪೆಪ್ಟೈಡ್ ಇರುವ ವಿಐಪಿ ಕೋಶಗಳಿವೆ. ಇವು ಮುಖ್ಯವಾಗಿ ಎಸ್‌ಎಸ್‌ಟಿ ಕೋಶಗಳನ್ನೇ ತಡೆಯುತ್ತವೆ. ತಡೆಯುವವರನ್ನು ತಡೆದರೆ ಕೆರಳಿಸುವ ಕೋಶ ಬಿಡುಗಡೆಯಾಗುತ್ತದೆ.

2013ರಲ್ಲಿ ಸ್ಕಾಂಜಿಯಾನಿ ತಂಡ ದೃಷ್ಟಿ ಕಾರ್ಟೆಕ್ಸ್‌ನಲ್ಲಿ ಈ ಸಂಪರ್ಕಗಳನ್ನು ಒಂದೊಂದಾಗಿ ಅಳೆಯಿತು. ಪಿವಿ ಕೋಶಗಳು ತಮ್ಮತಮ್ಮನ್ನೇ ಜೋರಾಗಿ ತಡೆಯುತ್ತವೆ. ಎಸ್‌ಎಸ್‌ಟಿ ಕೋಶಗಳು ತಮ್ಮವರನ್ನು ಬಿಟ್ಟು ಉಳಿದವರನ್ನೆಲ್ಲ ತಡೆಯುತ್ತವೆ, ಪಿವಿಯನ್ನೂ ಸೇರಿಸಿ. ವಿಐಪಿಯ ಗುರಿ ಎಸ್‌ಎಸ್‌ಟಿ. ಈ ಬಾಣಗಳನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. 3ನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 2: ಕೋಶಕ್ಕೆ ಹೊಂದುವ ಪ್ರಚೋದನೆ ಆರಿಸಿ

"ತಡೆಯುವ ಕೋಶಗಳು ಇಂದ್ರಿಯಗಳ ಸುದ್ದಿಯನ್ನು ಹೇಗೆ ಬದಲಿಸುತ್ತವೆ?" ಎನ್ನುವುದು ಪ್ರಶ್ನೆಯೇ ಅಲ್ಲ. ಅದು ಇಡೀ ಜೀವನದ ಕೆಲಸ. ಒಂದು ಕೋಶ, ಒಂದು ಜಾಗ, ಒಂದು ಪ್ರಚೋದನೆಗೆ ಇಳಿಸಿ.

ಪಿವಿ ಮತ್ತು ಸಮಯದ ಬಗ್ಗೆ ಆಸಕ್ತಿ ಇದ್ದರೆ ಮೀಸೆಯ ಕಾರ್ಟೆಕ್ಸ್, ಅಂದರೆ ಮೀಸೆಗಳ ಸ್ಪರ್ಶದ ಸುದ್ದಿ ಬರುವ ಭಾಗ, ಬಹಳ ಒಳ್ಳೆಯ ಜಾಗ. ಇಲ್ಲಿ 4ನೇ ಪದರದಲ್ಲಿ ಒಂದೊಂದು ಮೀಸೆಗೆ ಒಂದೊಂದು ಬ್ಯಾರೆಲ್ (ಪೀಪಾಯಿಯ ಆಕಾರದ ಕೋಶಗಳ ಗುಂಪು) ಇದೆ ಎಂದು ವೂಲ್ಸಿ ಮತ್ತು ವಾನ್ ಡರ್ ಲೂಸ್ 1970ರಲ್ಲೇ ತೋರಿಸಿದರು. ಇಂದ್ರಿಯಗಳ ಸುದ್ದಿಯನ್ನು ಕಾರ್ಟೆಕ್ಸ್‌ಗೆ ದಾಟಿಸುವ ಥಲಾಮಸ್‌ನಿಂದ ಬಂದ ಸುದ್ದಿ ಕೆರಳಿಸುವ ಕೋಶಕ್ಕೂ ಪಿವಿ ಕೋಶಕ್ಕೂ ಒಟ್ಟಿಗೇ ತಲುಪುತ್ತದೆ. ಪಿವಿ ತಕ್ಷಣ ಸ್ಪೈಕ್ ಮಾಡುತ್ತದೆ. ಅದರ ತಡೆ ಒಂದೆರಡು ಮಿಲಿಸೆಕೆಂಡ್ ತಡವಾಗಿ ಕೆರಳಿಸುವ ಕೋಶಕ್ಕೆ ಮುಟ್ಟುತ್ತದೆ. ಆ ಪುಟ್ಟ ಸಂದಿಯಲ್ಲೇ ಕೆರಳಿಸುವ ಕೋಶ ಸ್ಪೈಕ್ ಮಾಡಬೇಕು. ಮೀಸೆ ಅಲ್ಲಾಡಿದ ಕ್ಷಣವನ್ನು ಕಾರ್ಟೆಕ್ಸ್ ಅಷ್ಟು ನಿಖರವಾಗಿ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಇದೇ ಬಗೆಯ ಜೋಡಿಯನ್ನು ವೇರ್ ಮತ್ತು ಝಾಡೋರ್ 2003ರಲ್ಲಿ ರ‍್ಯಾಟ್‌ನ ಶ್ರವಣ ಕಾರ್ಟೆಕ್ಸ್‌ನಲ್ಲಿ ಕಂಡರು: ಕೆರಳಿಕೆ ಬಂದ ಕೆಲವೇ ಮಿಲಿಸೆಕೆಂಡ್‌ನಲ್ಲಿ ಅದಕ್ಕೆ ತಕ್ಕಷ್ಟು ತಡೆ.

ಎಸ್‌ಎಸ್‌ಟಿ ಆರಿಸಿದ್ದರೆ ಒಂದು ಸಣ್ಣ ಟಿಕ್ ಶಬ್ದ ಅಥವಾ ಒಂದು ಮೀಸೆಯ ಒಂದು ತಟ್ಟು ಸಾಲದು. ಕೆರಳಿಸುವ ಕೋಶದಿಂದ ಎಸ್‌ಎಸ್‌ಟಿಗೆ ಹೋಗುವ ಸಂಪರ್ಕ ಮೊದಲ ಸ್ಪೈಕ್‌ಗೆ ದುರ್ಬಲ, ಸ್ಪೈಕ್‌ಗಳು ಸಾಲಾಗಿ ಬಂದಂತೆ ಬಲವಾಗುತ್ತದೆ. ಇವುಗಳಿಗೆ ಮುಂದುವರಿಯುವ ಪ್ರಚೋದನೆ ಬೇಕು, ಜಾಗದಲ್ಲೂ ಹರಡಿರಬೇಕು. 2012ರಲ್ಲಿ ಹಿಲ್ಲೆಲ್ ಅಡೆಸ್ನಿಕ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ. ಚಿತ್ರ ದೊಡ್ಡದಾದಷ್ಟೂ 2/3ನೇ ಪದರದ ಎಸ್‌ಎಸ್‌ಟಿ ಕೋಶಗಳು ಜಾಸ್ತಿ ಸ್ಪೈಕ್ ಮಾಡಿದವು. ಕೆರಳಿಸುವ ಕೋಶಗಳು ಅಷ್ಟೇ ಕಡಿಮೆ ಮಾಡಿದವು. ಎಸ್‌ಎಸ್‌ಟಿಯನ್ನು ಸುಮ್ಮನಾಗಿಸಿದಾಗ ಆ ಕುಗ್ಗುವಿಕೆ ಕಡಿಮೆಯಾಯಿತು. ಸಣ್ಣ ಚಿತ್ರ ಮಾತ್ರ ತೋರಿಸಿ "ಎಸ್‌ಎಸ್‌ಟಿಗೆ ಇಲ್ಲಿ ಕೆಲಸವಿಲ್ಲ" ಎಂದು ಬರೆದರೆ ಅದು ಕೋಶದ ಮೇಲೆ ಹೊರಿಸಿದ ನಮ್ಮ ತಪ್ಪು.

ವಿಐಪಿಗೆ ಪ್ರಚೋದನೆಗಿಂತ ಇಲಿಯ ಸ್ಥಿತಿ ಮುಖ್ಯ. ಅದು 5ನೇ ಹಂತದಲ್ಲಿ ಬರುತ್ತದೆ.

ಹಂತ 3: ಪ್ರಯೋಗಕ್ಕೆ ಮೊದಲೇ ಏನಾಗಬಹುದು ಎಂದು ಬರೆದಿಡಿ

ಬಹಳ ಜನ ಹಾರಿಸಿ ಹೋಗುವ ಹಂತ ಇದು. ದಯವಿಟ್ಟು ಹಾರಿಸಬೇಡಿ.

ಗೋಡೆಯ ಮೇಲಿನ ನಕ್ಷೆ ನೋಡಿ. ಎಸ್‌ಎಸ್‌ಟಿಯನ್ನು ಆಫ್ ಮಾಡಿದಿರಿ ಅಂತ ಇಟ್ಟುಕೊಳ್ಳಿ. ಕೆರಳಿಸುವ ಕೋಶದ ಕೊಂಬೆಗಳ ಮೇಲಿನ ತಡೆ ಹೋಯಿತು, ಅದರ ಸ್ಪೈಕ್ ಹೆಚ್ಚಾಗಬೇಕು. ಆದರೆ ಎಸ್‌ಎಸ್‌ಟಿ ಪಿವಿಯನ್ನೂ ತಡೆಯುತ್ತಿತ್ತಲ್ವಾ? ಈಗ ಪಿವಿಯೂ ಬಿಡುಗಡೆಯಾಯಿತು. ಅದು ಕೆರಳಿಸುವ ಕೋಶದ ಒಡಲನ್ನು ಇನ್ನೂ ಜೋರಾಗಿ ಒತ್ತುತ್ತದೆ. ಒಟ್ಟಿನಲ್ಲಿ ಏರಿಕೆಯೂ ಆಗಬಹುದು, ಇಳಿಕೆಯೂ ಆಗಬಹುದು, ಏನೂ ಬದಲಾಗದೆಯೂ ಇರಬಹುದು. ಮೂರಕ್ಕೂ ವಿವರಣೆ ಇದೆ. ಯಾವುದು ಬಂದರೆ ಯಾವ ವಿವರಣೆ ಬಿದ್ದುಹೋಗುತ್ತದೆ, ಎರಡರ ನಡುವೆ ತೀರ್ಮಾನಿಸಲು ಇನ್ನೇನು ಅಳೆಯಬೇಕು ಎಂದು ಈಗಲೇ ಬರೆಯಿರಿ. ಈ ಉದಾಹರಣೆಯಲ್ಲಿ ಅದು ಪಿವಿಯ ಸ್ಪೈಕ್ ದರ.

ಇನ್ನೊಂದು ಸಂಗತಿ ಮೊದಲ ಸಲ ಕೇಳಿದಾಗ ನಂಬಲು ಕಷ್ಟ. ತಡೆಯುವ ಕೋಶಗಳನ್ನು ಎಬ್ಬಿಸಿದರೆ ಅವುಗಳ ಸ್ಪೈಕ್ ಕಡಿಮೆಯಾಗಬಹುದು! 1997ರಲ್ಲಿ ಮಿಶಾ ತ್ಸೋಡಿಕ್ಸ್ ಮತ್ತು ಸಂಗಡಿಗರು ಲೆಕ್ಕದ ಮೂಲಕ ಇದನ್ನು ತೋರಿಸಿದರು. ಕೆರಳಿಸುವ ಕೋಶಗಳು ಒಬ್ಬರನ್ನೊಬ್ಬರು ತುಂಬಾ ಜೋರಾಗಿ ಕೆರಳಿಸುತ್ತಿರುವ ಜಾಲದಲ್ಲಿ ತಡೆಯೇ ಎಲ್ಲವನ್ನೂ ಸ್ಥಿರವಾಗಿ ಹಿಡಿದಿರುತ್ತದೆ. ಅಲ್ಲಿ ತಡೆಯುವ ಕೋಶಗಳಿಗೆ ಸ್ವಲ್ಪ ತಳ್ಳು ಕೊಟ್ಟರೆ ಮೊದಲು ಅವು ಏರುತ್ತವೆ. ಕೆರಳಿಸುವ ಕೋಶಗಳು ಬೀಳುತ್ತವೆ. ಆಗ ತಡೆಯುವ ಕೋಶಗಳಿಗೆ ಬರುತ್ತಿದ್ದ ಕೆರಳಿಕೆಯೇ ಕುಸಿಯುತ್ತದೆ. ಆ ನಷ್ಟ ನೀವು ಕೊಟ್ಟ ತಳ್ಳಿಗಿಂತ ದೊಡ್ಡದು. ಕೊನೆಗೆ ಎರಡೂ ಗುಂಪು ಮೊದಲಿಗಿಂತ ಕೆಳಗೆ ನಿಲ್ಲುತ್ತವೆ. ಇದು ಬರೀ ಕಾಗದದ ಮೇಲಿನ ಮಾತಲ್ಲ. 2020ರಲ್ಲಿ ಎಚ್ಚರವಿದ್ದ ಇಲಿಗಳ ಕಾರ್ಟೆಕ್ಸ್‌ನ ಹಲವು ಭಾಗಗಳಲ್ಲಿ ಇದನ್ನು ಅಳೆದು ತೋರಿಸಿದ್ದಾರೆ.

ಈ ಪರಿಣಾಮ ಕಾಣಬೇಕಾದರೆ ತಡೆಯುವ ಕೋಶಗಳಲ್ಲಿ ಹೆಚ್ಚಿನವಕ್ಕೆ ಬೆಳಕಿನ ಪ್ರೋಟೀನ್ ಇರಬೇಕು. ಕೆಲವಕ್ಕೆ ಮಾತ್ರ ಇದ್ದರೆ, ಅವು ಏರಿ ಮಿಕ್ಕವು ಇಳಿಯಬಹುದು. ಆ ಪ್ರೋಟೀನಿನ ಜೀನನ್ನು ಕೋಶಗಳಿಗೆ ಒಯ್ಯುವ ನಿಮ್ಮ ವೈರಸ್ ಎಷ್ಟು ಶೇಕಡಾ ಕೋಶಗಳನ್ನು ಮುಟ್ಟಿದೆ ಎಂಬ ಸಂಖ್ಯೆಗೆ ಇಷ್ಟು ತೂಕ ಬರುವುದು ಇದೇ ಕಾರಣಕ್ಕೆ.

ಹಂತ 4: ಇಲಿ ಮತ್ತು ವೈರಸ್

ಮೊದಲು ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ. ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ ಮೂರು ಮಾತು ಇಂದಿಗೂ ಅಡಿಪಾಯ: ಸಾಧ್ಯವಿದ್ದರೆ ಪ್ರಾಣಿಯ ಬದಲು ಬೇರೆ ದಾರಿ, ಸಂಖ್ಯೆ ಕಡಿಮೆ, ನೋವು ಕಡಿಮೆ. 3ನೇ ಹಂತ ಸರಿಯಾಗಿ ಮಾಡಿದರೆ ಇಲಿಗಳ ಸಂಖ್ಯೆ ತಾನಾಗಿಯೇ ಕಡಿಮೆಯಾಗುತ್ತದೆ.

ಒಂದು ಬಗೆಯ ಕೋಶವನ್ನು ಮಾತ್ರ ಮುಟ್ಟಲು ಕ್ರೆ ಇಲಿಗಳನ್ನು ಬಳಸುತ್ತಾರೆ. ಆ ಕೋಶದಲ್ಲಿ ಮಾತ್ರ ಕ್ರೆ ಎಂಬ ಕಿಣ್ವ ಇರುತ್ತದೆ. ಎಎವಿ ವೈರಸ್‌ನಲ್ಲಿ ಬೇಕಾದ ಜೀನನ್ನು ತಿರುಗಾಮುರುಗಾ ಇಟ್ಟಿರುತ್ತಾರೆ. ಕ್ರೆ ಇದ್ದಲ್ಲಿ ಮಾತ್ರ ಅದು ನೇರವಾಗಿ ತಿರುಗಿ ಕೆಲಸ ಶುರುಮಾಡುತ್ತದೆ. ಇಂಜೆಕ್ಷನ್ ಆದ ಮೇಲೆ ಸಾಮಾನ್ಯವಾಗಿ 2ರಿಂದ 4 ವಾರ ಕಾಯಬೇಕು. ತಿಂಗಳುಗಟ್ಟಲೆ ಬಿಟ್ಟರೆ ಪ್ರೋಟೀನ್ ತುಂಬಿ ಕೋಶದ ಆರೋಗ್ಯವೇ ಕೆಡಬಹುದು.

ಹೆಸರನ್ನು ಕುರುಡಾಗಿ ನಂಬಬೇಡಿ. ಎಸ್‌ಎಸ್‌ಟಿ ಕ್ರೆ ಇಲಿಯಲ್ಲಿ ವೇಗವಾಗಿ ಸ್ಪೈಕ್ ಮಾಡುವ ಕೆಲವು ಪಿವಿ ಕೋಶಗಳೂ ಸೇರಿಕೊಳ್ಳುತ್ತವೆ. ಪಿವಿ ಕ್ರೆ ಇಲಿಯಲ್ಲಿ ಕಾರ್ಟೆಕ್ಸ್‌ನ ಕೆಲವು ಕಡೆ 5ನೇ ಪದರದ ಕೆರಳಿಸುವ ಕೋಶಗಳೂ ಸಿಕ್ಕಿಬೀಳುತ್ತವೆ. 5ನೇ ಪದರದಲ್ಲಿ ಕೆಲಸ ಮಾಡುವವರು ಇದನ್ನು ಮರೆತರೆ, ತಡೆಯನ್ನು ಎಬ್ಬಿಸುತ್ತಿದ್ದೇವೆ ಎಂದುಕೊಂಡು ಕೆರಳಿಕೆಯನ್ನೂ ಎಬ್ಬಿಸುತ್ತಿರುತ್ತಾರೆ.

ವಯಸ್ಸು ಒಂದೇ ಇರಲಿ. ಇಲಿಯ ದೃಷ್ಟಿ ಕಾರ್ಟೆಕ್ಸ್ ಹುಟ್ಟಿದ ನಾಲ್ಕನೇ ವಾರದ ಆಸುಪಾಸಿನಲ್ಲಿ ಅನುಭವಕ್ಕೆ ತಕ್ಕಂತೆ ಬದಲಾಗುವ ಹೊತ್ತು. ಆ ಬದಲಾವಣೆಗೆ ತಡೆಯೇ ಬೇಕು ಎಂದು ಟಕಾವೊ ಹೆನ್ಶ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಮರಿ ಮತ್ತು ವಯಸ್ಕ ಇಲಿಗಳನ್ನು ಬೆರೆಸಿದ ಸರಾಸರಿಗೆ ಅರ್ಥವಿಲ್ಲ.

ಹಂತ 5: ಎಚ್ಚರವೋ, ಮಂಪರೋ, ಓಟವೋ

ಅರಿವಳಿಕೆ ಕೊಟ್ಟರೆ ಇಲಿ ಅಲ್ಲಾಡುವುದಿಲ್ಲ, ದಾಖಲಿಸುವುದು ಸುಲಭ. ಆದರೆ ನೀವು ಅಳೆಯಲು ಹೊರಟಿದ್ದನ್ನೇ ಅದು ಬದಲಿಸಿಬಿಡುತ್ತದೆ. 2013ರಲ್ಲಿ ಬಿಲಾಲ್ ಹೈದರ್ ಮತ್ತು ಸಂಗಡಿಗರು ಕೋಶದ ಒಳಗಿನಿಂದಲೇ ಅಳೆದು ನೋಡಿದರು. ಎಚ್ಚರವಿದ್ದಾಗ ದೃಷ್ಟಿ ಕಾರ್ಟೆಕ್ಸ್‌ನಲ್ಲಿ ತಡೆಯೇ ಮೇಲುಗೈ. ಅರಿವಳಿಕೆಯಲ್ಲಿ ಆ ಮೇಲುಗೈ ಇರಲಿಲ್ಲ. ತಡೆಯ ಬಗ್ಗೆ ಪ್ರಶ್ನೆ ಇದ್ದರೆ ಎಚ್ಚರದ ಇಲಿಯಲ್ಲೇ ಮಾಡಿ.

ಎಚ್ಚರ ಅಂದಕೂಡಲೇ ಓಟ ಬಂತು. ತಲೆ ಹಿಡಿದಿಟ್ಟ ಇಲಿಯನ್ನು ಚಕ್ರ ಅಥವಾ ತೇಲುವ ಚೆಂಡಿನ ಮೇಲೆ ನಿಲ್ಲಿಸುತ್ತೇವೆ. ಅದು ಓಡಲು ಶುರುಮಾಡಿದರೆ ದೃಷ್ಟಿ ಕಾರ್ಟೆಕ್ಸ್‌ನ ಪ್ರತಿಕ್ರಿಯೆ ಬಹಳ ಹೆಚ್ಚುತ್ತದೆ ಎಂದು ನೀಲ್ ಮತ್ತು ಸ್ಟ್ರೈಕರ್ 2010ರಲ್ಲಿ ಕಂಡರು. 2014ರಲ್ಲಿ ಸ್ಟ್ರೈಕರ್ ಅವರ ತಂಡವೇ ದಾರಿಯನ್ನೂ ತೋರಿಸಿತು: ಓಟ, ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕ, ವಿಐಪಿ, ಅಲ್ಲಿಂದ ಎಸ್‌ಎಸ್‌ಟಿಯ ಮೇಲೆ ತಡೆ. ಈ ಚಿತ್ರ ಚೆನ್ನಾಗಿದೆ, ಆದರೆ ಪೂರ್ತಿಯಲ್ಲ. ಓಟದಲ್ಲಿ ಎಸ್‌ಎಸ್‌ಟಿ ಏರುತ್ತದೋ ಇಳಿಯುತ್ತದೋ ಎನ್ನುವುದು ಕತ್ತಲಿದೆಯೋ ಚಿತ್ರ ಕಾಣುತ್ತಿದೆಯೋ ಎಂಬುದರ ಮೇಲೆ ಬದಲಾಗುತ್ತದೆ ಎಂದು ಆಮೇಲಿನ ಅಳತೆಗಳು ತೋರಿಸಿವೆ.

ಹಾಗಾಗಿ ಚಕ್ರದ ವೇಗ, ಕಣ್ಣಿನ ಪಾಪೆಯ ಅಗಲ, ಮೀಸೆಯ ಚಲನೆ ಇವನ್ನು ಪ್ರತಿ ಸುತ್ತಿನಲ್ಲೂ (ಪ್ರಚೋದನೆಯನ್ನು ಒಮ್ಮೆ ಕೊಟ್ಟು ಅಳೆಯುವುದು ಒಂದು ಸುತ್ತು) ದಾಖಲಿಸಿ. ಓಡಿದ ಸುತ್ತು ಮತ್ತು ನಿಂತ ಸುತ್ತುಗಳನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ.

ಹಂತ 6: ಅಳೆಯುವ ಸಾಧನ

ಮಿಲಿಸೆಕೆಂಡ್ ಮುಖ್ಯವಾದರೆ ಎಲೆಕ್ಟ್ರೋಡ್. ಯಾವ ಕೋಶ ಎಂದು ಕಣ್ಣಾರೆ ನೋಡಬೇಕಿದ್ದರೆ ಎರಡು ಫೋಟಾನ್ ಸೂಕ್ಷ್ಮದರ್ಶಕ ಮತ್ತು ಜಿಕ್ಯಾಂಪ್, ಅಂದರೆ ಕೋಶದಲ್ಲಿ ಕ್ಯಾಲ್ಸಿಯಂ ಏರಿದಾಗ ಹೊಳೆಯುವ ಪ್ರೋಟೀನ್. 2017ರಲ್ಲಿ ಬಂದ ನ್ಯೂರೋಪಿಕ್ಸೆಲ್ಸ್ ತನಿಖೆ ಕಡ್ಡಿ ಒಂದೇ ಸಲಕ್ಕೆ 384 ಕಡೆ ಅಳೆಯುತ್ತದೆ, ಎಲ್ಲ ಪದರಗಳೂ ಸಿಗುತ್ತವೆ.

ಎಲೆಕ್ಟ್ರೋಡ್‌ನಲ್ಲಿ ಪಿವಿ ಕೋಶದ ಸ್ಪೈಕ್ ಕಿರಿದಾಗಿ ಕಾಣುತ್ತದೆ. ತಳದಿಂದ ಮುಂದಿನ ಶಿಖರಕ್ಕೆ ಸುಮಾರು 0.4 ಮಿಲಿಸೆಕೆಂಡ್‌ಗಿಂತ ಕಡಿಮೆ. ಇದು ಒಳ್ಳೆಯ ಸುಳಿವು, ಆದರೆ ಗುರುತಿನ ಚೀಟಿ ಅಲ್ಲ. ಖಚಿತ ಮಾಡಿಕೊಳ್ಳಲು ಚಿಕ್ಕ ಬೆಳಕಿನ ಮಿಡಿತ ಕೊಟ್ಟು, ಕೆಲವೇ ಮಿಲಿಸೆಕೆಂಡ್‌ನಲ್ಲಿ ಪ್ರತಿ ಸಲವೂ ಸ್ಪೈಕ್ ಬರುತ್ತದೆಯೇ ನೋಡಿ. ಆ ಸ್ಪೈಕ್‌ನ ಆಕಾರ ಬೆಳಕಿಲ್ಲದಾಗಿನ ಆಕಾರಕ್ಕೆ ಹೊಂದಬೇಕು.

ಜಿಕ್ಯಾಂಪ್ ಬಳಸುವವರಿಗೆ ಒಂದು ಮಾತು. ಪಾರ್ವಾಲ್ಬ್ಯುಮಿನ್ ತಾನೇ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್. ಅದೂ ಅಲ್ಲದೆ ಈ ಕೋಶಗಳು ಸದಾ ವೇಗವಾಗಿ ಸ್ಪೈಕ್ ಮಾಡುತ್ತಿರುತ್ತವೆ. ಹಾಗಾಗಿ ಪಿವಿ ಕೋಶದಲ್ಲಿ ಹೊಳಪಿನ ಏರಿಳಿತ ಚಿಕ್ಕದಾಗಿರುತ್ತದೆ. ಹೊಳಪನ್ನು ಸ್ಪೈಕ್ ಸಂಖ್ಯೆಯಾಗಿ ಓದುವುದು ಕೆರಳಿಸುವ ಕೋಶದಲ್ಲಿ ಇದ್ದಷ್ಟು ಸುಲಭವಲ್ಲ.

ಹಂತ 7: ಬೆಳಕಿನ ಪ್ರಮಾಣ

ಚಾನೆಲ್‌ರೊಡಾಪ್ಸಿನ್ (ಬೆಳಕು ಬಿದ್ದರೆ ಕೋಶವನ್ನು ಎಬ್ಬಿಸುವ ಪ್ರೋಟೀನ್) ಇರುವ ಪಿವಿ ಕೋಶಕ್ಕೆ 470 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕು ಪೂರ್ತಿ ಜೋರಾಗಿ ಕೊಟ್ಟರೆ ಆ ಭಾಗದ ಕಾರ್ಟೆಕ್ಸ್ ಪೂರ್ತಿ ಸುಮ್ಮನಾಗುತ್ತದೆ. ಕಾರ್ಟೆಕ್ಸ್‌ನ ಒಂದು ಭಾಗವನ್ನು ಮುಚ್ಚಲು ಎಷ್ಟೋ ತಂಡಗಳು ಇದನ್ನೇ ಬಳಸುತ್ತವೆ. ಎಲ್ಲವೂ ಸುಮ್ಮನಾದ ಮೇಲೆ ಅಳೆಯಲು ಉಳಿಯುವುದೇನು? ಕನಿಷ್ಠ ನಾಲ್ಕೈದು ಪ್ರಮಾಣ ಇಟ್ಟುಕೊಳ್ಳಿ, ಸೊನ್ನೆಯಿಂದ ಶುರುಮಾಡಿ. ಸುತ್ತುಗಳ ಕ್ರಮವನ್ನು ಕಲಸಿ. ಬೆಳಕು ಪ್ರಚೋದನೆಗೆ ಮೊದಲು ಶುರುವಾಗುತ್ತದೋ, ಜೊತೆಗೋ, ನಂತರವೋ ಎಂಬುದನ್ನೂ ನೀವೇ ಬದಲಿಸಿ ನೋಡಿ. 2012ರ ಜಗಳ ಹುಟ್ಟಿದ್ದು ಇಲ್ಲೇ.

ಆಫ್ ಮಾಡುವ ಸಾಧನಗಳಲ್ಲಿ ಹ್ಯಾಲೊರೊಡಾಪ್ಸಿನ್ ಬಗ್ಗೆ ವಿಶೇಷ ಎಚ್ಚರ ಬೇಕು. ಅದು ಕೋಶದೊಳಗೆ ಕ್ಲೋರೈಡ್ ತುಂಬುತ್ತದೆ. ಗಾಬಾ ತಡೆಯುವುದೇ ಕ್ಲೋರೈಡ್‌ನ ಹರಿವಿನಿಂದ. ಹಾಗಾಗಿ ಬೆಳಕು ಆರಿದ ಮೇಲೂ ಆ ಕೋಶದಲ್ಲಿ ಗಾಬಾದ ಪರಿಣಾಮ ಸ್ವಲ್ಪ ಹೊತ್ತು ಬದಲಾಗಿರುತ್ತದೆ. ಯಾವ ಸಾಧನವಾದರೂ ಬೆಳಕನ್ನು ಥಟ್ಟನೆ ಆರಿಸಬೇಡಿ, ನಿಧಾನವಾಗಿ ಇಳಿಸಿ. ಇಲ್ಲದಿದ್ದರೆ ಸುಮ್ಮನಿದ್ದ ಕೋಶಗಳೆಲ್ಲ ಒಟ್ಟಿಗೆ ಪುಟಿದೇಳುತ್ತವೆ.

ಬೆಳಕಿಗೆ ಬಿಸಿಯೂ ಇದೆ. ಕೆಲವು ಮಿಲಿವಾಟ್ ಸತತವಾಗಿ ಕೊಟ್ಟರೆ ಅಂಗಾಂಶ 1 ಡಿಗ್ರಿಯಷ್ಟು ಬಿಸಿಯಾಗಬಲ್ಲದು. ಯಾವ ಪ್ರೋಟೀನ್ ಹಾಕದ ಮೆದುಳಿನಲ್ಲೂ ಬರೀ ಆ ಬಿಸಿಗೆ ಸ್ಪೈಕ್ ಬದಲಾಗಬಹುದು ಎಂದು 2019ರಲ್ಲಿ ತೋರಿಸಿದ್ದಾರೆ. ಇನ್ನೊಂದು ಕಡೆಯಿಂದ, ಬೆಳಕು ಇಲಿಯ ಕಣ್ಣಿಗೂ ಕಾಣುತ್ತದೆ. ನನ್ನ ಆರಂಭದ ದಿನಗಳಲ್ಲಿ ವಾರಗಟ್ಟಲೆ ನಂಬಿದ್ದ ಒಂದು ಪರಿಣಾಮ, ತಲೆಯ ಮೇಲಿನ ಫೈಬರ್‌ನಿಂದ ಸೋರಿದ ನೀಲಿ ಬೆಳಕನ್ನು ಇಲಿ ನೋಡುತ್ತಿದ್ದುದರಿಂದ ಬಂದಿತ್ತು. ಕಪ್ಪು ಸಿಮೆಂಟ್ ಹಾಕಿ ಮುಚ್ಚಿದ ದಿನ ಅದು ಮಾಯವಾಯಿತು. ಅಂದಿನಿಂದ ಬರೀ ಹೊಳೆಯುವ ಪ್ರೋಟೀನ್ ಇರುವ, ಬೆಳಕಿಗೆ ಸ್ಪಂದಿಸದ ಹೋಲಿಕೆಯ ಇಲಿಗಳಿಲ್ಲದೆ ನಾನು ಯಾವ ಪ್ರಯೋಗವನ್ನೂ ಶುರುಮಾಡುವುದಿಲ್ಲ. ಎಲ್ಲ ಸುತ್ತುಗಳಲ್ಲೂ ಅದೇ ಬಣ್ಣದ ದೀಪ ಇಲಿಯ ಕಣ್ಣ ಮುಂದೆ ಮಿನುಗುತ್ತಿರಲಿ.

ಹಂತ 8: ಭಾಗಾಕಾರವೋ, ವ್ಯವಕಲನವೋ

ಒಂದು ಕೋಶ ತನಗಿಷ್ಟವಾದ ಓರೆಯ ಗೆರೆಗೆ ಸೆಕೆಂಡಿಗೆ 20 ಸ್ಪೈಕ್, ಇಷ್ಟವಿಲ್ಲದ ಗೆರೆಗೆ 6 ಸ್ಪೈಕ್ ಕೊಡುತ್ತದೆ ಎಂದುಕೊಳ್ಳಿ. ತಡೆ ಅರ್ಧಕ್ಕೆ ಭಾಗಿಸಿದರೆ 10 ಮತ್ತು 3. ಅನುಪಾತ ಹಾಗೇ ಇದೆ, ಆಯ್ಕೆ ಬದಲಾಗಲಿಲ್ಲ. ತಡೆ 5 ಕಳೆದರೆ 15 ಮತ್ತು 1. ಈಗ ಆಯ್ಕೆ ಬಹಳ ಹರಿತ.

ಬಿಡಿಸುವ ವಿಧಾನ ಸುಲಭ. ಎಲ್ಲ ಓರೆಗಳಿಗೂ ಬೆಳಕಿಲ್ಲದ ಪ್ರತಿಕ್ರಿಯೆಯನ್ನು ಅಡ್ಡಕ್ಕೆ, ಬೆಳಕಿರುವ ಪ್ರತಿಕ್ರಿಯೆಯನ್ನು ಉದ್ದಕ್ಕೆ ಇಟ್ಟು ಒಂದು ಗೆರೆ ಎಳೆಯಿರಿ. ಇಳಿಜಾರು 1ಕ್ಕಿಂತ ಕಡಿಮೆಯಾದರೆ ಭಾಗಾಕಾರ. ಗೆರೆ ಸೊನ್ನೆಯ ಕೆಳಗೆ ಜಾರಿದರೆ ವ್ಯವಕಲನ. ಎರಡು ಬಲೆಗಳಿವೆ. ಸ್ಪೈಕ್ ಸೊನ್ನೆಗಿಂತ ಕೆಳಗೆ ಹೋಗಲಾರದು, ಹಾಗಾಗಿ ನೆಲ ಮುಟ್ಟಿದ ಬಿಂದುಗಳು ಗೆರೆಯನ್ನು ಬಾಗಿಸುತ್ತವೆ. ನೆಲವನ್ನೂ ಸೇರಿಸಿಕೊಂಡ ಮಾದರಿಯನ್ನೇ ಹೊಂದಿಸಿ. ಎರಡನೆಯದು ಇನ್ನೂ ನುಣುಚು. ಅಡ್ಡಸಾಲಿನ ಅಳತೆಯಲ್ಲೂ ಗದ್ದಲ ಇರುತ್ತದೆ. ಮಾಮೂಲಿ ಗೆರೆ ಹೊಂದಿಸುವ ವಿಧಾನದಲ್ಲಿ ಈ ಗದ್ದಲವೇ ಇಳಿಜಾರನ್ನು ಕಡಿಮೆ ಮಾಡುತ್ತದೆ. ಇಲ್ಲದ ಭಾಗಾಕಾರ ಕಾಣಿಸುತ್ತದೆ! ಪರೀಕ್ಷೆ ಹೀಗೆ ಮಾಡಿ: ಬೆಳಕಿಲ್ಲದ ಸುತ್ತುಗಳನ್ನೇ ಎರಡು ಪಾಲು ಮಾಡಿ ಒಂದರ ವಿರುದ್ಧ ಇನ್ನೊಂದನ್ನು ಇಡಿ. ಇಳಿಜಾರು 1 ಬರಬೇಕು. ಬರದಿದ್ದರೆ ಎರಡೂ ಕಡೆಯ ಗದ್ದಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನ ಬಳಸಿ.

ಸಂಖ್ಯೆಯ ಬಗ್ಗೆಯೂ ಪ್ರಾಮಾಣಿಕವಾಗಿರಿ. 4 ಇಲಿಗಳಿಂದ 400 ಕೋಶ ಸಿಕ್ಕರೆ ಅದು 400 ಸ್ವತಂತ್ರ ಸಾಕ್ಷಿಗಳಲ್ಲ. ಇಲಿ, ಅದರೊಳಗೆ ದಿನ, ಅದರೊಳಗೆ ಕೋಶ ಎಂಬ ಮೆಟ್ಟಿಲುಗಳನ್ನು ಮಾದರಿಯಲ್ಲಿ ಸೇರಿಸಿ.

ಹಂತ 9: ಅಂಗಾಂಶ ನೋಡಿ, ಆಮೇಲೆ ವಾಕ್ಯ ಬರೆಯಿರಿ

ಪ್ರತಿ ಇಲಿಯ ಮೆದುಳನ್ನೂ ಕತ್ತರಿಸಿ ನೋಡಬೇಕು. ಪಿವಿ ಕೋಶಗಳಲ್ಲಿ ಎಷ್ಟು ಶೇಕಡಾಕ್ಕೆ ಬೆಳಕಿನ ಪ್ರೋಟೀನ್ ತಲುಪಿದೆ? ಪ್ರೋಟೀನ್ ಇರುವ ಕೋಶಗಳಲ್ಲಿ ಎಷ್ಟು ನಿಜಕ್ಕೂ ಪಿವಿ? ಇವು ಎರಡು ಬೇರೆ ಪ್ರಶ್ನೆಗಳು, ಎರಡಕ್ಕೂ ಪದರವಾರು ಉತ್ತರ ಬೇಕು. ಎಲೆಕ್ಟ್ರೋಡ್ ಹೋದ ದಾರಿಯೂ ಕಾಣಬೇಕು. ಅದಕ್ಕೆ ಇಳಿಸುವ ಮೊದಲು ಬಣ್ಣ ಹಚ್ಚಿರಿ.

ಕೊನೆಗೆ ಫಲಿತಾಂಶದ ವಾಕ್ಯ. "ಪಿವಿ ಕೋಶಗಳು ಆಯ್ಕೆಯನ್ನು ಹರಿತಗೊಳಿಸುತ್ತವೆ" ಎಂದು ಬರೆಯಬೇಡಿ. ಹೀಗೆ ಬರೆಯಿರಿ: "ಎಚ್ಚರವಾಗಿ ನಿಂತಿದ್ದ ವಯಸ್ಕ ಇಲಿಯ ದೃಷ್ಟಿ ಕಾರ್ಟೆಕ್ಸ್‌ನ 2/3ನೇ ಪದರದಲ್ಲಿ, ಪಿವಿ ಕೋಶಗಳ ಸ್ಪೈಕ್ ದರ ಚಿತ್ರ ಕಾಣುವ ಪೂರ್ತಿ ಹೊತ್ತು ಇಷ್ಟು ಏರಿದಾಗ, ಕೆರಳಿಸುವ ಕೋಶಗಳ ಇಳಿಜಾರು ಇಷ್ಟಕ್ಕೆ ಇಳಿಯಿತು, ಎಸ್‌ಎಸ್‌ಟಿ ಕೋಶಗಳು ಇಷ್ಟು ಬದಲಾದವು." ಉದ್ದವಾಯಿತು, ನಿಜ. ಆದರೆ ಬೇರೆ ಪ್ರಯೋಗಾಲಯದವರು ಬೇರೆ ಉತ್ತರ ಪಡೆದಾಗ, ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕಲು ಅವರಿಗೆ ಬೇಕಾದ ಎಲ್ಲವೂ ಇದರಲ್ಲಿದೆ.